ಕಾಮಾಲೆಯ ರಜೆ

ಮೂರು ತಿಂಗಳು ತುಂಬುವವರೆಗೆ ಯಾರಿಗೂ ಹೇಳಬಾರದು ಎಂದು ಅತ್ತೆ ಮೊದಲೇ ತಾಕೀತು ಮಾಡಿದ್ದರು. ಕಣ್ಣು ಬೀಳುತ್ತದಂತೆ. ಹಾಗಾಗಿ ನಾನು ಕೆಲಸ ಮಾಡುವ ನಾರಾಯಣಗೂಡದ ಕೋಚಿಂಗ್ ಸೆಂಟರಿನಲ್ಲಿ ನಾನು ಬಸುರಿ ಎಂಬುದು ಯಾರಿಗೂ ಗೊತ್ತಿರಲಿಲ್ಲ. ಮೂರು ತುಂಬುವ ಮೊದಲೇ ಗರ್ಭ ಇಳಿದಾಗ ಅತ್ತೆ ಆಸ್ಪತ್ರೆಯ ಮೆಟ್ಟಿಲ ಮೇಲೆಯೇ ನಿಂತು ನನ್ನ ಗಂಡನಿಗೆ, "ಆಫೀಸಿಗೆ ಕಾಮಣಿ ಆಗೇತಿ ಅಂತ ಹೇಳಿಬಿಡು" ಎಂದರು. ಗಂಡ ಸೆಂಟರಿಗೆ ಕಾಮಾಲೆ ಎಂದೇ ಫೋನ್ ಮಾಡಿದರು. ಬೇಡ ಎನ್ನುವಷ್ಟೂ ತ್ರಾಣ ನನಗಿರಲಿಲ್ಲ.

ಸಿಕ್ ಲೀವ್ ಮುಗಿದ ಕೂಡಲೇ ಕೆಲಸಕ್ಕೆ ಹೋದೆ. ಸಹೋದ್ಯೋಗಿಗಳು ಒಬ್ಬರಾದ ಮೇಲೊಬ್ಬರು ನನ್ನ ಕಣ್ಣಿನ ರೆಪ್ಪೆ ಎಳೆದು ನೋಡಿದರು. ಒಬ್ಬಾಕೆ ಕಬ್ಬಿನ ಹಾಲು ತಂದಳು. ಇನ್ನೊಬ್ಬಾಕೆ ನನ್ನ ಡಬ್ಬಿಯ ಉಪ್ಪಿನಕಾಯಿ ಕಸಿದುಕೊಂಡಳು, ಪ್ರೀತಿಯಿಂದಲೇ. ರಕ್ತ ಇನ್ನೂ ನಿಂತಿರಲಿಲ್ಲ, ಸೊಂಟ ಕಿತ್ತುಬರುತ್ತಿತ್ತು. ನಾನು ಕಬ್ಬಿನ ಹಾಲು ಕುಡಿಯುತ್ತ ಕೂತಿದ್ದೆ. ದುಃಖವಾಗಿತ್ತು ಎಂದರೆ ಸುಳ್ಳಾಗುತ್ತದೆ. ಏನೂ ಆಗುತ್ತಿರಲಿಲ್ಲ. ಹಲ್ಲು ಕೀಳಲು ಇಂಜೆಕ್ಷನ್ ಕೊಟ್ಟ ಮೇಲೆ ದವಡೆ ಇರುತ್ತದಲ್ಲ, ಇಡೀ ಮೈ ಹಾಗಿತ್ತು.

ಮಧ್ಯಾಹ್ನ ಮ್ಯಾನೇಜರ್ ಮೇಡಂ ಕರೆದರು. ಮಕ್ಕಳು ಓದುವ ಜಾಗ, ಕಾಮಾಲೆ ಹರಡಿದರೆ ಯಾರು ಹೊಣೆ, ವಾಸಿಯಾಗಿದೆ ಎಂದು ರಕ್ತದ ರಿಪೋರ್ಟ್ ತಾ ಎಂದು ಹಿಂದಿಯಲ್ಲಿ ರೇಗಿದರು. ನಾನು ಎದುರಿನ ಕುರ್ಚಿಯಲ್ಲಿ ಕುಸಿದು, "ಕಾಮಾಲೆ ಅಲ್ಲ ಮೇಡಂ, ಮಗು ಹೋಯಿತು" ಎಂದೆ. ಬರುವ ಸುದ್ದಿ ಕೊಡದೆಯೇ ಹೋದ ಸುದ್ದಿ ಕೊಟ್ಟಿದ್ದೆ. ಮೇಡಂ ತಮ್ಮ ನೀರಿನ ಬಾಟಲಿಯನ್ನು ನನ್ನತ್ತ ಸರಿಸಿದರು. ಆಮೇಲೆ, ಇದಕ್ಕೆ ಕಾನೂನಿನಲ್ಲೇ ಆರು ವಾರ ಸಂಬಳದ ರಜೆಯಿದೆ ಹುಚ್ಚಿ, ಆಸ್ಪತ್ರೆಯ ಚೀಟಿ ಕಳಿಸು, ಈಗ ಮನೆಗೆ ನಡೆ ಎಂದರು.

ಲಿಂಗಂಪಲ್ಲಿಯ ಮನೆಯಲ್ಲಿ ಅತ್ತೆ ಬಾಗಿಲು ತೆಗೆದರು.

"ಯಾಕವಾ, ಇಷ್ಟ ಲಗೂನ ಬಂದಿ?"

"ಆರು ವಾರ ರಜಾ ಕೊಟ್ಟಾರ್ರಿ."

"ಕಾಮಣಿಗೆ ಅಷ್ಟ್ ಕೊಡ್ತಾರೇನು?"

"ಕೂಸಿಗೆ ಕೊಟ್ಟಾರ್ರಿ. ಹೇಳಿಬಿಟ್ಟೆ."

ಬೈಗುಳಕ್ಕೆ ಕಾದೆ. ಅತ್ತೆ ಒಳಗೆ ಹೋಗಿ ಕಪಾಟಿನ ಸೀರೆಗಳ ಅಡಿಯಿಂದ ಹೊಸ ಸ್ಕಾರ್ಫ್ ತೆಗೆದು ತಂದರು, ಬಾಣಂತಿಯರು ಕಿವಿ ಮುಚ್ಚುವಂತೆ ಕಟ್ಟಿಕೊಳ್ಳುವಂಥದ್ದು. ಸುಲ್ತಾನ್ ಬಜಾರಿನಿಂದ ಯಾವಾಗ ತಂದಿಟ್ಟಿದ್ದರೋ, ನನಗೂ ಹೇಳಿರಲಿಲ್ಲ. "ಹಸಿ ಮೈ ಐತಿ, ಗಾಳಿ ಹೊಗತೈತಿ" ಎಂದು ಗದರಿಸುತ್ತಲೇ ನನ್ನ ಗದ್ದದ ಕೆಳಗೆ ಗಂಟು ಬಿಗಿದರು.

ಸಂಜೆ ಎದುರುಮನೆಯ ತೆಲುಗಿನಾಕೆ ಮೊಸರಿಗೆ ಹೆಪ್ಪು ಕೇಳಲು ಬಂದಳು. ನನ್ನ ತಲೆಗಟ್ಟು ನೋಡಿ, ಏನಾಯಿತಮ್ಮಾ ಎಂದಳು. ಕಾಮಾಲೆ ಎನ್ನಲು ನಾನು ಬಾಯಿ ತೆರೆದೆ. ಅಷ್ಟರಲ್ಲಿ ಅತ್ತೆ ಹೆಪ್ಪಿನ ಬಟ್ಟಲನ್ನು ಅವಳ ಕೈಗಿಡುತ್ತ, ತಮ್ಮ ಕನ್ನಡದಲ್ಲೇ ಹೇಳಿದರು:

"ಬಾಣಂತಿ ಅದಾಳ್ರಿ. ಕೂಸು ಉಳೀಲಿಲ್ಲ."