ಅಕ್ಕೋರು ಲಾಂಚು ನೋಡಲು ನೀರಿಗಿಳಿದದ್ದು

ಮೊನ್ನೆ ಸಾಗರದ ಪೇಟೆಯಲ್ಲಿ ಮಂಡಿನೋವಿಗೆಂದು ಬಿಸಿನೀರಿನ ಚೀಲ ಕೊಳ್ಳಲು ಔಷಧಿ ಅಂಗಡಿಗೆ ಹೋಗಿದ್ದೆ. ಅಂಗಡಿಯವನು ಕವರು ಹರಿದು ಚೀಲವನ್ನು ಕೈಗಿಟ್ಟ. ಹೊಸ ರಬ್ಬರಿನ ವಾಸನೆ ಮೂಗಿಗೆ ಬಡಿದದ್ದೇ ತಡ, ಎದೆ ಡವಡವ ಹೊಡೆದುಕೊಳ್ಳತೊಡಗಿತು.

"ಎಂತಾಯ್ತು ಮೇಡಂ, ಕೂತ್ಕೊಳ್ತೀರಾ?" ಎಂದು ಅವನು ಸ್ಟೂಲು ಎಳೆದ. ಎಂತದೂ ಇಲ್ಲ ಎಂದೆ. ಮುಖಕ್ಕೆ ಬಿಗಿದ ರಬ್ಬರಿನ ಮಾಸ್ಕು, ಹಲ್ಲಿನಲ್ಲಿ ಕಚ್ಚಿ ಹಿಡಿದ ಕೊಳವೆ, ಪಕ್ಕದಲ್ಲಿ ಅದೇ ವೇಷ ತೊಟ್ಟು ನಿಂತಿದ್ದ ನಮ್ಮ ಅಕ್ಕೋರು... ಎಲ್ಲವೂ ಒಟ್ಟಿಗೇ ನುಗ್ಗಿ ಬಂದಿತ್ತು.

ಅಕ್ಕೋರು ನಮ್ಮ ಶಾಲೆಯ ಹಿರಿಯ ಟೀಚರು. ಹೊಸನಗರದ ಕಡೆ, ಹಿನ್ನೀರಿನ ಆಚೆ ದಡದ ಆ ಶಾಲೆಗೆ ನಾನು ಹೊಸದಾಗಿ ಸೇರಿದಾಗ ಅವರು ಅಲ್ಲಿ ಆಗಲೇ ಹಳಬರಾಗಿದ್ದರು. ಮಕ್ಕಳು ಅಕ್ಕೋರೇ ಎಂದು ಕರೆಯುತ್ತಿದ್ದರು, ನಾನೂ ಹಾಗೇ ಕರೆದೆ. ಇಬ್ಬರ ಮನೆಯೂ ಈಚೆ ದಡದಲ್ಲಿತ್ತು. ಬೆಳಿಗ್ಗೆ ಲಾಂಚು ಹತ್ತಿ ಹೋಗುವುದು, ಸಂಜೆ ಲಾಂಚಿನಲ್ಲೇ ವಾಪಸು. ಈ ದಡದ ಒಂದಷ್ಟು ಮಕ್ಕಳೂ ನಮ್ಮ ಜೊತೆಗೆ ಬರುತ್ತಿದ್ದರು. ಲಾಂಚು ಎಂದರೆ ಮೇಲೊಂದು ತಗಡಿನ ಮಾಡು, ಕೆಳಗೆ ಕಬ್ಬಿಣದ ಬೆಂಚುಗಳು, ಎರಡೂ ಬದಿ ಬಟಾಬಯಲು.

ಅಕ್ಕೋರಿಗೆ ಈಜು ಬರುತ್ತಿರಲಿಲ್ಲ. ನನಗೂ ಬರುತ್ತಿರಲಿಲ್ಲ. ಅವರು ಯಾವಾಗಲೂ ಕಂಬದ ಪಕ್ಕ ಕೂರುವವರು, ನಾನು ಅವರಿಗೆ ಅಂಟಿಕೊಂಡು. "ಕೈ ಒಳಗಿಟ್ಕಳ್ರಾ!" ಎಂದು ಮಕ್ಕಳ ಮೇಲೆ ಜೋರು ಮಾಡುವಾಗ ಅವರ ದನಿ ಕಂಚಿನ ಹಾಗಿರುತ್ತಿತ್ತು. ಕಂಬ ಹಿಡಿದ ಅಂಗೈ ಬೆವರುತ್ತಿದ್ದದ್ದು ಮಾತ್ರ ನನಗೆ ಗೊತ್ತಿತ್ತು. ಹೆದರುಪುಕ್ಕಲಿಯರಿಬ್ಬರು ಒಬ್ಬರಿಗೊಬ್ಬರು ಆತು ಕೂತು, ವರ್ಷಗಟ್ಟಲೆ ಆ ನೀರು ದಾಟಿದೆವು.

ಒಂದು ಆಷಾಢದ ಸಂಜೆ ನಡುನೀರಿನಲ್ಲಿ ಇಂಜಿನ್ ನಿಂತುಹೋಯಿತು. ಗಾಳಿ ಎಂದರೆ ಗಾಳಿ. ಡ್ರೈವರು ಇಂಜಿನ್ನಿನೊಳಗೆ ತಲೆ ಹುದುಗಿಸಿಬಿಟ್ಟ. ಲಾಂಚು ತನ್ನಷ್ಟಕ್ಕೆ ತೇಲುತ್ತಾ ಹಿನ್ನೀರಿನಲ್ಲಿ ಒಣಗಿ ನಿಂತ ಮರದ ಬೊಡ್ಡೆಗಳ ಕಡೆಗೆ ಹೊರಟಿತು. ಅಕ್ಕೋರು ಎದ್ದು ಮಕ್ಕಳನ್ನೆಲ್ಲ ನಡುವೆ ನೆಲದ ಮೇಲೆ ಕೂರಿಸಿದರು. "ಹೇಳ್ರಾ, ಹದಿಮೂರರ ಮಗ್ಗಿ!" ಎಂದರು. ಮಕ್ಕಳು ಅಳುತ್ತಲೇ ಕೂಗಿ ಹೇಳಿದವು. ಲಾಂಚು ಒಂದು ಬೊಡ್ಡೆಗೆ ಧಡ್ ಎಂದು ಬಡಿದು ವಾಲಿತು, ಅಲೆಯೊಂದು ಒಳಗೆ ಹಾರಿ ನಮ್ಮ ಸೀರೆ ತೋಯಿಸಿತು. ಆಮೇಲೆ ಯಾವುದೋ ದೇವರ ದಯೆ, ಇಂಜಿನ್ ಕೆಮ್ಮಿ ಮತ್ತೆ ಶುರುವಾಯಿತು.

ದಡ ಸೇರಿ ಮಕ್ಕಳೆಲ್ಲ ಮನೆ ಕಡೆ ಓಡಿದ ಮೇಲೆ ಅಕ್ಕೋರು ಅಲ್ಲೇ ಒಂದು ಕಲ್ಲಿನ ಮೇಲೆ ಕುಸಿದರು.

"ನಂಗೆ ಇರೋದು ಎರಡು ಕೈ ಮಾರಾಯ್ತಿ," ಎಂದರು. "ಮುಳುಗಿದ್ರೆ ಯಾರನ್ನ ಹಿಡ್ಕಳೋದು ಅಂತ ಲೆಕ್ಕ ಹಾಕ್ದೆ. ಬಾಯಲ್ಲಿ ಮಗ್ಗಿ, ಮನಸಲ್ಲಿ ಇದು. ಇಬ್ರನ್ನ ಆರಿಸಿಟ್ಕೊಂಡೂ ಆಗಿತ್ತು."

"ಯಾರನ್ನ?"

"ಕೇಳ್ಬೇಡ."

ಮರುದಿನ ಹಾಜರಿ ಕೂಗುವಾಗ ಅವರು ಪುಸ್ತಕದಿಂದ ತಲೆಯೆತ್ತಲಿಲ್ಲ. ಎಷ್ಟೋ ದಿನ ಮಕ್ಕಳ ಮುಖ ನೇರ ನೋಡುತ್ತಿರಲಿಲ್ಲ, ಹಣೆಯನ್ನೋ ಜಡೆಯನ್ನೋ ನೋಡಿ ಮಾತಾಡುತ್ತಿದ್ದರು. ಆಮೇಲೆ ಅವರಿಗೆ ಕನಸು ಶುರುವಾಯಿತು. ಲಾಂಚು ನೀರಿನ ತಳದಲ್ಲಿದೆ, ಮಕ್ಕಳು ಬೆಂಚುಗಳ ಮೇಲೆ ಸಾಲಾಗಿ, ಚೀಲ ಮಡಿಲಲ್ಲಿಟ್ಟುಕೊಂಡು, ಸುಮ್ಮನೆ ಕೂತಿವೆ... ನಿವೃತ್ತಿಯಾದ ಮೇಲೂ ಆ ಕನಸು ಬಿಡಲಿಲ್ಲ.

ಅವರು ನಿವೃತ್ತರಾಗಿ ತೀರ್ಥಹಳ್ಳಿಯ ತಂಗಿಯ ಮನೆ ಸೇರಿದರು. ಇತ್ತ ಸೇತುವೆ ಬಂತು, ಲಾಂಚು ದಡದಲ್ಲಿ ತುಕ್ಕು ಹಿಡಿಯಿತು. ಕರಾವಳಿಯ ಕಡೆಯಿಂದ ಪ್ರವಾಸಿಗರನ್ನು ನೀರಾಟ ಆಡಿಸುವ ಕೆಲವರು ಬಂದು ಅದನ್ನು ಕೊಂಡರು. ಇಂಜಿನ್ ಕಿತ್ತು, ಎಣ್ಣೆ ಜಿಡ್ಡೆಲ್ಲ ತೊಳೆದು, ಹಿನ್ನೀರಿನ ಒಂದು ಮೂಲೆಗೆ ಎಳೆದೊಯ್ದು, ಬೇಕೆಂದೇ ಮುಳುಗಿಸಿದರು. ಬೆನ್ನಿಗೆ ಗಾಳಿಯ ಸಿಲಿಂಡರು ಕಟ್ಟಿಕೊಂಡು ಕೆಳಗಿಳಿದು ಅದನ್ನು ನೋಡಿ ಬರಬಹುದಂತೆ. ಊರವರು ನಕ್ಕರು. ಆ ವಾರವೇ ಅಕ್ಕೋರ ಫೋನು ಬಂತು.

"ನಮ್ ಲಾಂಚನ್ನ ಮುಳುಗಿಸಿದ್ರಂತೆ, ಹೌದನಾ?"

"ಹೌದು ಅಕ್ಕೋರೇ."

"ನಾನು ಕೆಳಗೆ ಹೋಗಿ ನೋಡ್ಬೇಕು."

ನಿಮಗೆ ಈಜು ಬರುವುದಿಲ್ಲ, ವಯಸ್ಸು ನೋಡಿ, ಬಾತ್‌ರೂಮಿನಲ್ಲಿ ಕಾಲು ಜಾರಿದರೇ ಕಷ್ಟ ಎಂದು ನಾನು ಒಂದೇ ಸಮ ಹೇಳಿದೆ. ಅವರು ಎಲ್ಲ ಕೇಳಿಸಿಕೊಂಡು, "ನೀನು ಬರ್ದಿದ್ರೆ ಒಬ್ಳೇ ಹೋಗ್ತೀನಿ," ಎಂದರು. ಆ ದನಿ ನನಗೆ ಗೊತ್ತಿತ್ತು. ಬರುತ್ತೇನೆಂದೆ. ಅಂದಿನಿಂದ ನನಗೆ ಊಟ ಸೇರಲಿಲ್ಲ.

ಡಾಕ್ಟರು ಅವರ ಎದೆ ಪರೀಕ್ಷಿಸಿ, ಗಟ್ಟಿಯಾಗಿದೆ, ಹೋಗಬಹುದು ಎಂದುಬಿಟ್ಟರು. ಬೇಡವೆನ್ನಲಿ ಎಂದು ನಾನು ಹೊರಗೆ ಕೂತು ಹರಕೆ ಹೊತ್ತದ್ದು ವ್ಯರ್ಥವಾಯಿತು. ನೀರಾಟದವರು ಮೊದಲು ದಡದ ಹತ್ತಿರ, ಸೊಂಟದಷ್ಟು ನೀರಿನಲ್ಲಿ, ಬಾಯಿಂದ ಉಸಿರಾಡುವುದನ್ನು ಕಲಿಸಿದರು. ಅಕ್ಕೋರು ತಲೆ ಮುಳುಗಿಸಿದ್ದೇ ಕೆಮ್ಮುತ್ತಾ ಎದ್ದು ಮಾಸ್ಕು ಕಿತ್ತೆಸೆದರು. ಮುಖ ಬಿಳುಚಿತ್ತು. ಸದ್ಯ, ಮುಗಿಯಿತು ಎಂದುಕೊಂಡೆ. ಅವರು ನೀರಿನಲ್ಲಿ ತಡಕಾಡಿ ಮಾಸ್ಕು ಹುಡುಕಿ ಮತ್ತೆ ಹಾಕಿಕೊಂಡರು.

ನಮಗೆ ಒಬ್ಬೊಬ್ಬ ಗೈಡು. ಅಕ್ಕೋರ ಗೈಡು ನಡುವಯಸ್ಸಿನ ಗಂಭೀರ ಮನುಷ್ಯ. "ನಾನು ಕೈ ಬಿಡುದಿಲ್ಲ ಅಮ್ಮ. ನೀವೂ ಬಿಡ್ಬೇಡಿ," ಎಂದ.

ಹಗ್ಗ ಹಿಡಿದು ಇಳಿದೆವು. ಹಸಿರು ನೀರು ಕ್ರಮೇಣ ಕಪ್ಪಾಯಿತು. ಕಿವಿ ಸಿಡಿಯುವಂತೆ ನೋವು, ಗೈಡು ತೋರಿಸಿದ ಹಾಗೆ ಮೂಗು ಒತ್ತಿ ಹಿಡಿದೆ. ನನ್ನ ಉಸಿರಿನ ಸದ್ದು ಬಿಟ್ಟರೆ ಬೇರೇನೂ ಇಲ್ಲ. ಆಮೇಲೆ ಕಾಲಡಿಯಲ್ಲಿ ತಗಡಿನ ಮಾಡು ಕಂಡಿತು. ನಮ್ಮದೇ ಲಾಂಚು, ಕೊಂಚ ವಾಲಿಕೊಂಡು, ಕೆಸರಿನಲ್ಲಿ ಕೂತಿತ್ತು. ನಾನು ಕಂಬವೊಂದನ್ನು ತಬ್ಬಿ ಹಿಡಿದೆ.

ಅಷ್ಟರಲ್ಲಿ ಅಕ್ಕೋರು ಗೈಡನ ಕೈ ಕೊಡವಿಕೊಂಡು ಮಾಡಿನ ಕೆಳಗೆ ನುಗ್ಗಿದರು. ಅವರ ಕಾಲು ಬಡಿದು ಕೆಸರೆದ್ದಿತು. ಕ್ಷಣದಲ್ಲಿ ಎಲ್ಲ ಕಂದು. ಅವರ ಗೈಡು ಆ ಕಂದಿನೊಳಗೆ ಹಾರಿ ಕಾಣೆಯಾದ. ಕೂಗೋಣವೆಂದರೆ ಬಾಯಿ ತುಂಬ ರಬ್ಬರು. ಉಸಿರು ಹೆಚ್ಚಾಗಿ ನನ್ನ ಮಾಸ್ಕಿನೊಳಗೆ ನೀರು ಬಂತು. ನನ್ನ ಗೈಡು ಭುಜ ಅಮುಕಿ, ನಿಧಾನ, ನಿಧಾನ ಎಂದು ಕೈಯಲ್ಲಿ ತೋರಿಸುತ್ತಿದ್ದ. ತೀರ್ಥಹಳ್ಳಿಯ ಅವರ ತಂಗಿಗೆ ಏನು ಹೇಳಲಿ? ಅದೊಂದೇ ತಲೆಯಲ್ಲಿ...

ಕೆಸರು ತಿಳಿಯಾಗುತ್ತಾ ಬಂತು. ಅಕ್ಕೋರು ಒಳಗಿದ್ದರು. ಗೈಡು ಹಿಂದಿನಿಂದ ಅವರ ಸಿಲಿಂಡರಿನ ಪಟ್ಟಿ ಹಿಡಿದಿದ್ದ. ಅವರು ಒಂದು ಬೆಂಚಿನಿಂದ ಇನ್ನೊಂದಕ್ಕೆ ಸರಿಯುತ್ತಿದ್ದರು. ಪ್ರತಿ ಬೆಂಚಿನ ಮೇಲೂ ಅಂಗೈ ಊರಿ, ತುದಿಯಿಂದ ತುದಿಗೆ ಸವರುತ್ತಿದ್ದರು. ಕೊನೆಯ ಬೆಂಚು ಮುಗಿದ ಮೇಲೆ ಬಗ್ಗಿ ಅದರ ಅಡಿಗೂ ನೋಡಿದರು. ಆಮೇಲೆ ಹೆಬ್ಬೆರಳೆತ್ತಿ, ಮೇಲೆ ಹೋಗೋಣ ಎಂದು ಸನ್ನೆ ಮಾಡಿದರು.

ಮೇಲೆ ಬಂದು ಕೊಳವೆ ಉಗಿದವರೇ, "ಯಾರೂ ಇಲ್ಲ ಮಾರಾಯ್ತಿ," ಎಂದರು. ದವಡೆ ನಡುಗುತ್ತಿತ್ತು. "ಅಡಿಗೂ ನೋಡ್ದೆ. ಯಾರೂ ಇಲ್ಲ."

"ಅಲ್ಲಿ ಯಾರಿರ್ತಾರೆ ಅಮ್ಮ? ಮೀನು ಉಂಟು ಅಷ್ಟೆ," ಎಂದ ಗೈಡು. ಅಕ್ಕೋರು ನಕ್ಕರು. ನಗುತ್ತಲೇ ಅತ್ತರು.

ದಡದಲ್ಲಿ ಟವೆಲು ಹೊದ್ದು ಚಹಾ ಕುಡಿಯುವಾಗ ತಾವಾಗಿಯೇ ಹೇಳಿದರು. "ಅವತ್ತು ಒಂದು ಕೈಗೆ ಎಲ್ಲಕ್ಕಿಂತ ಸಣ್ಣ ಹುಡುಗಿ. ಇನ್ನೊಂದು ಕೈಗೆ... ನೀನು."

"ನಾನು? ನಾನೆಂತಕ್ಕೆ? ಅಷ್ಟು ಮಕ್ಕಳಿದ್ವಲ್ಲ ಅಕ್ಕೋರೇ!"

"ಗೊತ್ತಿಲ್ಲ. ದಿನಾ ನೀನು ನನ್ನ ಪಕ್ಕ ಕೂತಿರ್ತಿದ್ದೆ. ಕೈ ತಂತಾನೇ ನಿನ್ನ ಕಡೆ ಹೋಗಿತ್ತು." ಚಹಾದ ಲೋಟ ಕೆಳಗಿಟ್ಟು ಹೇಳಿದರು, "ಟೀಚರಾಗಿ ಹಂಗೆ ಮಾಡ್ಬಾರ್ದಿತ್ತು."

ಖುಷಿಪಡಬೇಕಿತ್ತೇನೋ. ನನಗೆ ಬಂದದ್ದು ಭಯ. ನನಗಾಗಿ ಅವರು ಬಿಟ್ಟುಕೊಡಲಿದ್ದ ಕೈ ಯಾವ ಮಗುವಿನದು? ಕೇಳಲಾಗಲಿಲ್ಲ. ಅವರ ತಣ್ಣನೆಯ ಕೈ ಹಿಡಿದು ಕೂತೆ. ಆ ರಾತ್ರಿಯಿಂದ ಕನಸು ಬೀಳಲಿಲ್ಲ ಎಂದು ಆಮೇಲೆ ಫೋನಿನಲ್ಲಿ ಹೇಳಿದರು.

ಮುಂದಿನ ಮಳೆಗಾಲದಲ್ಲಿ ಅಕ್ಕೋರು ಹೋಗಿಬಿಟ್ಟರು. ಜ್ವರ ಬಂತಂತೆ, ಏಳಲೇ ಇಲ್ಲವಂತೆ. ಬಸ್ಸು ಹಿಡಿದು ತೀರ್ಥಹಳ್ಳಿ ಮುಟ್ಟುವ ಹೊತ್ತಿಗೆ ಅವರನ್ನು ತುಂಗೆಯ ಕಡೆಗೆ ಕೊಂಡೊಯ್ದಾಗಿತ್ತು. ಕೊನೆಯದಾಗಿ ಮುಖ ನೋಡಲು ಸಿಗಲಿಲ್ಲ.

ಮೊನ್ನೆ ಪೇಟೆಯಿಂದ ಮರಳುವಾಗ ಸೇತುವೆಯ ಹತ್ತಿರ ಬಸ್ಸು ಹತ್ತಿದ ಒಬ್ಬ ಹೆಂಗಸು ಪಕ್ಕ ಬಂದು ಕೂತಳು. ಗುರುತು ಸಿಕ್ಕಿತು. ಆ ಸಂಜೆ ಲಾಂಚಿನಲ್ಲಿದ್ದ ಹುಡುಗಿಯರಲ್ಲಿ ಒಬ್ಬಳು. ಎಲ್ಲಕ್ಕಿಂತ ಸಣ್ಣವಳಲ್ಲ.

"ಅಕ್ಕೋರು ಹೆಂಗಿದಾರೆ ಮೇಡಂ?"

"ಹೋಗ್ಬಿಟ್ರು ಮಗಾ."

ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. "ಅವತ್ತು ಅವ್ರು ಇರ್ದಿದ್ರೆ ನಾವು ಹೆದ್ರಿಯೇ ಸಾಯ್ತಿದ್ವಿ," ಎಂದಳು. ನಾನು ಹೂಂಗುಟ್ಟಿದೆ. ಅವಳ ಮುಖ ನೋಡಲಾಗಲಿಲ್ಲ, ಮುಡಿದಿದ್ದ ಹೂವನ್ನು ನೋಡುತ್ತಾ ಕೂತೆ. ಇದನ್ನೆಲ್ಲ ಹೇಳಿಕೊಳ್ಳಲು ನನಗೆ ಇದ್ದವರು ಅಕ್ಕೋರು ಒಬ್ಬರೇ...