ಹಿಮದೊಳಗಿಂದ ಓಗೊಟ್ಟವರು

ದೆವ್ವ, ಗಾಳಿ, ಶಕುನ ಎಂದರೆ ನಗುತ್ತ ಬೆಳೆದವನು ನಾನು. ನಮ್ಮೂರು ಖಟಕ ಚಿಂಚೋಳಿಯಲ್ಲಿ ಹುಣಸೆ ಮರದ ಕೆಳಗೆ ಏನೋ ಕಂಡಿತೆಂದು ಯಾರಾದರೂ ಹೇಳಿದರೆ, ಎಷ್ಟು ಕುಡಿದಿದ್ದೆ ಎಂದು ಮೊದಲು ಕೇಳುತ್ತಿದ್ದವನೂ ನಾನೇ. ಆದ್ದರಿಂದ ಈಗ ಹೇಳಹೊರಟಿರುವುದನ್ನು ನೀವು ನಂಬದಿದ್ದರೆ ನನಗೇನೂ ಬೇಸರವಿಲ್ಲ. ಬೇರೆಯವರು ಹೇಳಿದ್ದರೆ ನಾನೂ ನಂಬುತ್ತಿರಲಿಲ್ಲ.

ಕೆಲವು ವರ್ಷಗಳ ಹಿಂದೆ ನಾನು ಉತ್ತರಾಖಂಡದ ಒಂದು ಬೆಟ್ಟದ ಮೇಲಿನ ಸ್ಕೀ ರಿಸಾರ್ಟಿನಲ್ಲಿ ಕೆಲಸಕ್ಕಿದ್ದೆ. ಕಾಲಿಗೆ ಉದ್ದನೆಯ ಪಟ್ಟಿ ಕಟ್ಟಿಕೊಂಡು ಹಿಮದ ಇಳಿಜಾರಿನಲ್ಲಿ ಜಾರಲು ದೇಶದ ಮೂಲೆಮೂಲೆಯಿಂದ ಜನ ಅಲ್ಲಿಗೆ ಬರುತ್ತಾರೆ. ಬೀದರಿನಲ್ಲಿ ಹೋಟೆಲ್ ಕೆಲಸದ ಕೋರ್ಸು ಮುಗಿಸಿ, ಅಲ್ಲೇ ಒಂದು ಲಾಡ್ಜಿನ ಕೌಂಟರಿನಲ್ಲಿ ಕೀಲಿಕೈ ಕೊಡುತ್ತ ಬೇಸತ್ತಿದ್ದಾಗ ಈ ಕೆಲಸ ಸಿಕ್ಕಿತ್ತು. ಚಳಿಗಾಲವೆಲ್ಲ ಅಲ್ಲಿ, ಉಳಿದ ದಿನ ಊರಲ್ಲಿ. ಭಾಲ್ಕಿ ಬಸ್ ಸ್ಟ್ಯಾಂಡಿನ ಎದುರು ನನ್ನ ಕೂದಲು ಕತ್ತರಿಸುವ ಮಾರುತಿ ಕಾಕಾ ಇದನ್ನು ಕೊನೆಯವರೆಗೂ ನಂಬಲಿಲ್ಲ. "ಬರ್ಫಿನ ಮ್ಯಾಲ ಜಾರಿ ಬೀಳೂದಕ್ಕ ಪಗಾರ ಕೊಡ್ತಾರ? ಸುಳ್ಳ ಹೇಳಬ್ಯಾಡ್ರಿ. ನಾ ದಿನಾ ಬಚ್ಚಲದಾಗ ಬೀಳ್ತೇನಿ, ಯಾರೂ ಒಂದ್ ಕಪ್ ಚಾ ಸುದ್ದಾ ಕುಡಸಂಗಿಲ್ಲ" ಎನ್ನುತ್ತಿದ್ದರು.

ನಿಜ ಹೇಳಬೇಕೆಂದರೆ, ಜೀವನದಲ್ಲಿ ನಾನು ಅಷ್ಟು ಇಷ್ಟಪಟ್ಟು ಮಾಡಿದ ಕೆಲಸ ಇನ್ನೊಂದಿಲ್ಲ. ಬೆಳಿಗ್ಗೆ ಬಾಡಿಗೆ ಬೂಟುಗಳ ಕೋಣೆ. ಬಂದವರ ಕಾಲಿಗೆ ಗಟ್ಟಿ ಪ್ಲಾಸ್ಟಿಕ್ಕಿನ ಬೂಟು ಹಾಕಿ, ಕೊಂಡಿ ಬಿಗಿದು, ಮೊದಲ ಸಲ ಹಿಮ ನೋಡುವವರ ಹೆದರಿಕೆಯನ್ನು ಮಾತಾಡಿ ಮಾತಾಡಿ ಇಳಿಸುವುದು. ನನಗೆ ಅದಕ್ಕಿಂತ ಹಿಡಿಸಿದ್ದು ಸಂಜೆಯ ಕೆಲಸ. ಜನರನ್ನು ಬೆಟ್ಟದ ತುದಿಗೆ ಒಯ್ಯುವ ಲಿಫ್ಟು ನಿಂತ ಮೇಲೆ ನಾವು ಕೆಲವರು ತುದಿಯಿಂದ ಸಾಲಾಗಿ ಇಳಿಯುತ್ತ, ಯಾರಾದರೂ ಹಿಂದೆ ಉಳಿದಿದ್ದಾರೆಯೇ ಎಂದು ಇಳಿಜಾರನ್ನೆಲ್ಲ ನೋಡಿಕೊಂಡು ಬರಬೇಕು. ಸ್ವಲ್ಪ ದೂರ ಇಳಿಯುವುದು, ನಿಲ್ಲುವುದು, "ಕೋಯೀ ಹೈ?" ಎಂದು ಕೂಗುವುದು, ಉಸಿರು ಬಿಗಿಹಿಡಿದು ಕೇಳುವುದು, ಮತ್ತೆ ಇಳಿಯುವುದು. ನಮ್ಮ ಮುಖ್ಯಸ್ಥ ನೇಗಿ ಭಾಯಿ, ಆ ಬೆಟ್ಟದಲ್ಲೇ ಹುಟ್ಟಿದವರು. ಕೂಗಿದ ಮೇಲೆ ನಿಂತು ಕೇಳದೆ ಮುಂದೆ ಹೋದವನನ್ನು ಅವರು ಮರುದಿನ ಮೇಲಕ್ಕೆ ಕರೆದುಕೊಂಡು ಹೋಗುತ್ತಿರಲಿಲ್ಲ. ರಾತ್ರಿ ಆ ಹಿಮದಲ್ಲಿ ಉಳಿದವರು ಬೆಳಗಿನವರೆಗೆ ಬದುಕುವುದಿಲ್ಲ.

ಆ ದಿನ ಎಳ್ಳಮಾವಾಸ್ಯೆ. ನಮ್ಮ ಕಡೆ ಅವತ್ತು ಯಾರೂ ಮನೆಯಲ್ಲಿ ಇರುವುದಿಲ್ಲ. ಸಜ್ಜೆ ರೊಟ್ಟಿ, ಕಾಳು ಸೊಪ್ಪು ಕೂಡಿಸಿ ಬೇಯಿಸಿದ ಭಜ್ಜಿ, ಅಂಬಲಿ ಹೊತ್ತು ಊರಿಗೆ ಊರೇ ಹೊಲಕ್ಕೆ ಹೋಗುತ್ತದೆ. ಪೂಜೆ ಮುಗಿದ ಮೇಲೆ ಚರಗ ಚೆಲ್ಲುತ್ತಾರೆ. ಮುಂದೆ ಒಬ್ಬರು ಬೆಳೆಯ ಮೇಲೆ ಅಡುಗೆ ಚೆಲ್ಲುತ್ತ "ಓಲಗ್ಯಾ ಓಲಗ್ಯಾ" ಎಂದು ಕೂಗಿದರೆ, ಹಿಂದೆ ನೀರು ಹಿಡಿದು ಬರುವವರು "ಸಾಲಂ ಪೋಲಗ್ಯಾ" ಎಂದು ಓಗೊಡಬೇಕು. ಇದರ ಅರ್ಥವೇನೆಂದು ಊರಿನ ಹಿರಿಯರನ್ನೆಲ್ಲ ಕೇಳಿದ್ದೇನೆ, ಯಾರಿಗೂ ಗೊತ್ತಿಲ್ಲ. ನಮ್ಮ ಹೊಲದಲ್ಲಿ ಕೂಗುವುದು ಅಪ್ಪ, ಓಗೊಡುವುದು ನಾನು. ಹಿಂದಿನ ಚಳಿಗಾಲಗಳಲ್ಲಿ ಅದಕ್ಕೆಂದೇ ರಜೆ ಹಾಕಿ ಊರಿಗೆ ಹೋಗಿಬರುತ್ತಿದ್ದೆ, ಆ ವರ್ಷ ಮೊದಲ ಸಲ ತಪ್ಪಿಸಿದ್ದೆ. ಬೆಳಗಿನಿಂದ ಭಜ್ಜಿಯ ವಾಸನೆ ಮೂಗಿಗೆ ಬಡಿದಂತಾಗುತ್ತಿತ್ತು.

ಸಂಜೆ ಹಿಮ ಬೀಳತೊಡಗಿತ್ತು. ಜೊತೆಗೆ ಮಂಜು, ಚಾಚಿದ ಕೈಯೇ ಕಾಣದಷ್ಟು. ನಾನು ಎಡ ಅಂಚಿನಲ್ಲಿ, ದೇವದಾರು ಮರಗಳ ಪಕ್ಕದಲ್ಲಿ ಇಳಿಯುತ್ತಿದ್ದೆ. ನೇಗಿ ಭಾಯಿ ದೂರ ಬಲಕ್ಕೆ ಇದ್ದರು. ನಿಂತು ಕೂಗಬೇಕೆಂದು ಬಾಯಿ ತೆರೆದರೆ, "ಕೋಯೀ ಹೈ" ಬರಲಿಲ್ಲ. "ಓಲಗ್ಯಾ... ಓಲಗ್ಯಾ!" ಎಂದು ಬಂದುಬಿಟ್ಟಿತು. ಬೇಕೆಂದು ಕೂಗಿದೆನೋ, ತಾನಾಗಿ ಬಂತೋ ಗೊತ್ತಿಲ್ಲ. ಹಿಮದಲ್ಲಿ ಸಿಕ್ಕಿಬಿದ್ದವನಿಗೆ ಇದರಿಂದ ಏನು ತಿಳಿಯಬೇಕು ಎಂದು ನನಗೇ ನಾಚಿಕೆಯಾಯಿತು.

ಅಷ್ಟರಲ್ಲಿ ಎಡಕ್ಕೆ, ಮರಗಳ ಒಳಗಿನಿಂದ ಕೇಳಿಸಿತು: "ಸಾಲಂ ಪೋಲಗ್ಯಾ!"

ಮೊದಲು ನಕ್ಕುಬಿಟ್ಟೆ. ನೇಗಿ ಭಾಯಿ ಅಣಕಿಸುತ್ತಿದ್ದಾರೆ ಎಂದುಕೊಂಡೆ. ಆಮೇಲೆ ನಗು ನಿಂತಿತು. ಅವರಿಗೆ ಆ ಮಾತು ಗೊತ್ತಿರಲು ಸಾಧ್ಯವೇ ಇಲ್ಲ. ಪ್ರತಿಧ್ವನಿ ಎನ್ನೋಣವೆಂದರೆ, ಅದು ನಾವು ಕೂಗಿದ್ದನ್ನೇ ವಾಪಸು ಕೊಡುತ್ತದೆ, ಮುಂದಿನ ಮಾತನ್ನು ಕೊಡುವುದಿಲ್ಲ. ಮತ್ತೆ ಕೂಗಿದೆ. ಮತ್ತೆ ಓಗೊಟ್ಟಿತು. ಗಂಡಸಿನ ದನಿ. ಕೊನೆಯ "ಗ್ಯಾ"ವನ್ನು ನಮ್ಮ ಪಕ್ಕದ ಔರಾದ್ ತಾಲ್ಲೂಕಿನವರು ಎಳೆಯುವ ಹಾಗೆ ಉದ್ದಕ್ಕೆ ಎಳೆದಿತ್ತು. ಮೈಯೆಲ್ಲ ಮುಳ್ಳೆದ್ದಿತು. ಹೆದರಿದೆ, ಸುಳ್ಳು ಹೇಳುವುದಿಲ್ಲ. ಆದರೆ ಕೇಳಿಸಿದ ಕಡೆಗೆ ಹೋಗಲೇಬೇಕೆಂಬುದು ಆ ಕೆಲಸದ ನಿಯಮ, ಕಾಲು ತಾನಾಗಿ ಅತ್ತ ತಿರುಗಿತು.

ಮರಗಳ ಒಳಗೆ ಹೋಗಿ ಇನ್ನೊಮ್ಮೆ ಕೂಗಿದೆ. ಈ ಸಲ ಉತ್ತರ ಬರಲಿಲ್ಲ. ನನ್ನ ಮುಂದೆಯೇ ಒಂದು ದೇವದಾರಿನ ಬುಡದಲ್ಲಿ ಸ್ಕೀ ಪಟ್ಟಿಯ ಕೆಂಪು ತುದಿ ಹಿಮದಿಂದ ಮೇಲೆದ್ದು ನಿಂತಿತ್ತು. ಮರದ ಬುಡದ ಸುತ್ತ ಹಿಮ ಸಡಿಲವಾಗಿ ಗುಂಡಿಯಂತಿರುತ್ತದೆ, ಅದರಲ್ಲಿ ತಲೆಕೆಳಗಾಗಿ ಬಿದ್ದವರು ತಾವಾಗಿ ಏಳಲಾರರು. ಸೀಟಿ ಊದುತ್ತ ಎರಡೂ ಕೈಯಿಂದ ತೋಡಿದೆ. ಮೊದಲು ಬೂಟು ಕಂಡಿತು. ಬೆಳಿಗ್ಗೆ ನಾನೇ ಕೊಂಡಿ ಬಿಗಿದಿದ್ದ ಬೂಟು. ಕೋಲ್ಕತ್ತಾದಿಂದ ಒಬ್ಬರೇ ಬಂದಿದ್ದ ದತ್ತಾ ಸಾಹೇಬರು. ಮಗಳಿಗೆ ಕೊಟ್ಟ ಮಾತಿಗಾಗಿ ಈ ವಯಸ್ಸಿನಲ್ಲಿ ಕಲಿಯುತ್ತಿದ್ದೇನೆ ಎಂದು ನಾಚುತ್ತ ಹೇಳಿದ್ದರು. ನೇಗಿ ಭಾಯಿ ಓಡಿ ಬಂದು ಸೇರುವಷ್ಟರಲ್ಲಿ ಅವರ ಮುಖದಿಂದ ಹಿಮ ತೆಗೆದಿದ್ದೆ. ತುಟಿ ನೀಲಿಯಾಗಿತ್ತು, ಬಾಯಿ ತುಂಬ ಹಿಮ. ಉಸಿರು ಮಾತ್ರ ಸಣ್ಣಗೆ ಆಡುತ್ತಿತ್ತು. ನನಗೆ ಅಳು ಬಂದುಬಿಟ್ಟಿತು.

ಕೆಳಗೆ ಪ್ರಥಮ ಚಿಕಿತ್ಸೆಯ ಕೋಣೆಯಲ್ಲಿ ಮೈ ಬೆಚ್ಚಗಾಗಿ ಮಾತು ಬಂದ ಮೇಲೆ ಅವರು ಕೇಳಿದ ಮೊದಲ ಪ್ರಶ್ನೆ: "ವೋ ದೂಸ್ರಾ ಆದ್ಮೀ ಕಹಾಂ ಹೈ?"

ಯಾವ ಇನ್ನೊಬ್ಬ ಎಂದೆ. ಅವರು ಬಿಟ್ಟು ಬಿಟ್ಟು ಹೇಳಿದರು: ನೀವು ಇಬ್ಬರಿದ್ದಿರಿ. ಒಬ್ಬ ಮೇಲಿನಿಂದ ಏನೋ ಕೂಗುತ್ತಿದ್ದ, ಇನ್ನೊಬ್ಬ ನನ್ನ ತಲೆಯ ಹತ್ತಿರವೇ ನಿಂತು ಉತ್ತರ ಕೊಡುತ್ತಿದ್ದ. ಭಾಷೆ ತಿಳಿಯಲಿಲ್ಲ, ಆದರೆ ಜನ ಬಂದರು ಎಂದು ಧೈರ್ಯ ಬಂತು. ಅಷ್ಟು ಹತ್ತಿರ ನಿಂತವನು ನನ್ನನ್ನು ಯಾಕೆ ಎತ್ತಲಿಲ್ಲ ಎಂದು ಕೇಳಿದರು.

ಮಗ್ಗುಲಲ್ಲೇ ನಿಂತಿದ್ದ ನೇಗಿ ಭಾಯಿಯನ್ನು ಕೇಳಿದೆ. ಅವರಿಗೆ ನನ್ನ ಸೀಟಿ ಬಿಟ್ಟರೆ ಬೇರೇನೂ ಕೇಳಿಸಿರಲಿಲ್ಲ. ಮರದ ಹತ್ತಿರ ನನ್ನ ಮತ್ತು ಸಾಹೇಬರ ಗುರುತು ಬಿಟ್ಟು ಇನ್ನೊಬ್ಬರ ಹೆಜ್ಜೆ ನಾನು ನೋಡಿರಲಿಲ್ಲ. ಹಿಮ ಬೀಳುತ್ತಿತ್ತು, ಇದ್ದರೂ ಮುಚ್ಚಿಹೋಗಿರಬಹುದು. ಅದನ್ನು ಸಾಕ್ಷಿ ಎಂದು ನಾನು ಹೇಳಲಾರೆ.

ಹೊರಗೆ ಬಂದು ಮನೆಗೆ ಫೋನು ಮಾಡಿದೆ. ನಡೆದದ್ದನ್ನು ಹೇಳಲಿಲ್ಲ. "ಅವ್ವಾ, ಈ ವರ್ಷ ಅಪ್ಪಗ ಯಾರ್ ಓ ಅಂದ್ರು?" ಎಂದು ಕೇಳಿದೆ.

"ನಿಮ್ಮಪ್ಪ ಎಲ್ಲಿ ಕೂಗಿದ್ನಪ್ಪಾ, ದನಿನೇ ಹೋಗ್ಯಾದ. ಬೀದರ ಡಾಕ್ಟರು ಮಾತಾಡಬ್ಯಾಡ ಅಂದಾರ. ಸುಮ್ಮ ಚೆಲ್ಲಕೋತ ಹೊಂಟ. ಕೂಗಲಿಲ್ಲಂದ್ರೂ ನಾನೇ ಹಿಂದಿಂದ ಜವಾಬ್ ಕೊಟ್ಟೆ. ಎಲ್ಲಾರೂ ನಕ್ರು. ನಕ್ಕರ ನಗಲಿ, ಕೂಗು ಎಲ್ಲೋ ಇರ್ತದ ಅಂದೆ."

ಇಷ್ಟು ಕೇಳಿದ ಮೇಲೆ, ಎಲ್ಲ ಅರ್ಥವಾಯಿತಲ್ಲ ಎಂದು ನೀವು ಅನ್ನಬಹುದು. ನನಗೆ ಆಗಲಿಲ್ಲ. ಅವ್ವ ಓಗೊಟ್ಟದ್ದು ಮಧ್ಯಾಹ್ನದ ಊಟಕ್ಕೆ ಮುಂಚೆ, ನಾನು ಕೂಗಿದ್ದು ಸಂಜೆ. ಅವ್ವನ ತವರು ಔರಾದ್ ತಾಲ್ಲೂಕಿನ ಚಿಂತಾಕಿ, "ಗ್ಯಾ"ವನ್ನು ಅವಳೂ ಹಾಗೇ ಎಳೆಯುತ್ತಾಳೆ, ನಿಜ. ಆದರೆ ನಾನು ಕೇಳಿದ್ದು ಗಂಡಸಿನ ದನಿ. ಅಪ್ಪನದಲ್ಲ, ನನಗೆ ಗೊತ್ತಿದ್ದ ಯಾರದೂ ಅಲ್ಲ. ಲೆಕ್ಕ ಎಲ್ಲೂ ಕೂಡುವುದಿಲ್ಲ.

ಮೊಣಕಾಲು ಕೈಕೊಟ್ಟು ಆ ಕೆಲಸ ಬಿಟ್ಟೆ. ಈಗ ಮತ್ತೆ ಬೀದರಿನಲ್ಲಿ ಕೀಲಿಕೈ ಕೊಡುತ್ತಿದ್ದೇನೆ. ಅಪ್ಪನಿಗೆ ದನಿ ಅರ್ಧ ಮರಳಿದೆ, ಆದರೂ ಹೊಲದಲ್ಲಿ ಕೂಗುವುದು ಈಗ ನನ್ನ ಪಾಲಿಗೆ ಬಂದಿದೆ, ಓಗೊಡುವುದು ಅವ್ವನ ಪಾಲಿಗೆ. ದತ್ತಾ ಸಾಹೇಬರು ಪ್ರತಿ ಚಳಿಗಾಲ ಫೋನು ಮಾಡುತ್ತಾರೆ. ಮಗಳ ಸುದ್ದಿ ಹೇಳಿ, ಇಡುವ ಮುಂಚೆ ತಪ್ಪದೆ ಒಂದು ಮಾತು ಸೇರಿಸುತ್ತಾರೆ, ಆ ಇನ್ನೊಬ್ಬನಿಗೂ ನನ್ನ ಶುಕ್ರಿಯಾ ಹೇಳು ಎಂದು. ಆಯಿತು, ಹೇಳುತ್ತೇನೆ ಎನ್ನುತ್ತೇನೆ.

ಹೋದ ಎಳ್ಳಮಾವಾಸ್ಯೆಗೆ ಚರಗ ಚೆಲ್ಲಿ ಮುಗಿಸಿ, ಒಂದು ಹಿಡಿ ಭಜ್ಜಿ ಉಳಿಸಿಕೊಂಡು ನಮ್ಮ ಬದುವಿನ ಆಚೆಗೆ ಚೆಲ್ಲಿದೆ. ಹಿಂದೆ ಬರುತ್ತಿದ್ದ ಅವ್ವ ನಿಂತಳು.

"ಅದು ನಮ್ಮ ಹೊಲ ಅಲ್ಲಲ್ಲೋ, ಯಾರಿಗದು?"

"ಗೊತ್ತಿಲ್ಲವ್ವಾ. ಕೋಲ್ಕತ್ತಾದವ್ರು ಶುಕ್ರಿಯಾ ಹೇಳಂದಾರ."