ಮಲ್ಲಪ್ಪನವರ ಕೆಮ್ಮು

೧೯೭೩ರ ಬೇಸಿಗೆಯಲ್ಲಿ ನಾನು ಮುಂಬಯಿಯ ಮಲಾಡ್ ಪಶ್ಚಿಮದಲ್ಲಿ, ಮಾರ್ವೆ ಕಡಲ ದಂಡೆಯ ಒಂದು ಫ್ಯಾಮಿಲಿ ಹಾಲಿಡೇ ಹೋಮಿನ ಮ್ಯಾನೇಜರ್ ಆಗಿದ್ದೆ. ಧಾರವಾಡದಿಂದ ಬಂದವನು, ದಾದರಿನ ಒಂದು ಲಾಡ್ಜಿನ ಕೌಂಟರಿನಲ್ಲಿ ಕೆಲಸ ಕಲಿತು ಅಲ್ಲಿಗೆ ಹೋಗಿದ್ದೆ. ಆ ಜಾಗದ ಹೆಸರು ಈಗ ಬೇಡ. ಅದು ಮುಚ್ಚಿ, ಅಲ್ಲೀಗ ಬಿಲ್ಡಿಂಗುಗಳು ನಿಂತಿವೆ.

ಕೋಣೆಗಳು ಎರಡು ಸಾಲಿನಲ್ಲಿದ್ದವು. ಮುಂದಿನ ಸಾಲು ಸಮುದ್ರಕ್ಕೆ ಮುಖ ಮಾಡಿತ್ತು. ಅದರ ಉದ್ದಕ್ಕೂ ವರಾಂಡ, ಬೆತ್ತದ ಕುರ್ಚಿಗಳು. ಹಿಂದಿನ ಸಾಲು ಅಡುಗೆಮನೆಗೆ ಅಂಟಿಕೊಂಡಿತ್ತು. ಕಲ್ಲಿದ್ದಲಿನ ಭಟ್ಟಿ ಹೊತ್ತಿಸಿದ ಹೊತ್ತಿನಲ್ಲಿ ಅಲ್ಲಿ ಕಿಟಕಿ ತೆರೆಯುವ ಹಾಗಿರಲಿಲ್ಲ. ಹಿಂದಿನ ಸಾಲನ್ನು ನಾವು ಕೊಡುತ್ತಿದ್ದದ್ದು ಡ್ರೈವರುಗಳಿಗೆ, ಆಯಾಗಳಿಗೆ, ಮತ್ತೆ ತಡವಾಗಿ ಬುಕ್ ಮಾಡಿದವರಿಗೆ.

ಊಟದ ಹಾಲಿನಲ್ಲಿಯೂ ಮಕ್ಕಳು ಆಡುವ ಹುಲ್ಲಿನ ಮೇಲೂ ಸಿಗರೇಟು ಸೇದಬಾರದು, ವರಾಂಡದಲ್ಲಿ ಸೇದಬಹುದು ಎಂದು ಮಾಲೀಕರು ಒಂದು ಹಲಗೆ ಬರೆಸಿ ಹಾಕಿದ್ದರು. ಆ ನಿಯಮ ಕಾಯುವುದು ಸುಲಭ. ಕಷ್ಟವಿದ್ದದ್ದು ಹಲಗೆಯ ಮೇಲೆ ಇಲ್ಲದ ನಿಯಮದಲ್ಲಿ. ಆ ಕಾಲದಲ್ಲಿ ಹೊಗೆಯ ಬಗ್ಗೆ ಯಾರದೂ ತಕರಾರಿರಲಿಲ್ಲ. ಯಾರ ಮುಂದೆ ಸೇದುವುದು ಎನ್ನುವುದೇ ತಕರಾರು. ಅಪ್ಪನ ಮುಂದೆ ಮಗ ಸೇದುವಂತಿಲ್ಲ, ಅಣ್ಣನ ಮುಂದೆ ತಮ್ಮ ಸೇದುವಂತಿಲ್ಲ, ಮಾವನ ಮುಂದೆ ಅಳಿಯನಿಗಂತೂ ಸಾಧ್ಯವೇ ಇಲ್ಲ. ಹೆಂಡತಿ ಮಕ್ಕಳಿರುವ ಗೃಹಸ್ಥರು ನೀರಿನ ಟಾಂಕಿಯ ಹಿಂದೆ ಕಳ್ಳರ ಹಾಗೆ ನಿಂತು ದಮ್ಮು ಎಳೆಯುತ್ತಿದ್ದರು. ಹಿರಿಯರಿಗೂ ಅದು ಗೊತ್ತು, ಆ ಕಡೆ ಹೋಗುತ್ತಿರಲಿಲ್ಲ. ಹೋಗಲೇಬೇಕಾದರೆ ದೂರದಿಂದಲೇ ಒಮ್ಮೆ ಕೆಮ್ಮುತ್ತಿದ್ದರು. ‘ಬರುತ್ತಿದ್ದೇನೆ, ಆರಿಸಿಕೋ’ ಎಂದು ಅದರ ಅರ್ಥ. ಕೆಮ್ಮುವುದು ಹಿರಿಯರ ಮರ್ಯಾದೆ, ಆರಿಸುವುದು ಕಿರಿಯರ ಮರ್ಯಾದೆ. ಯಾರಿಗೆ ಯಾವ ಕೋಣೆ ಕೊಟ್ಟರೆ ಯಾರ ಕಣ್ಣಿಗೆ ಯಾರು ಬೀಳುವುದಿಲ್ಲ ಎಂದು ಲೆಕ್ಕ ಹಾಕುವುದರಲ್ಲೇ ನನ್ನ ಅರ್ಧ ಮ್ಯಾನೇಜರಿಕೆ ಮುಗಿಯುತ್ತಿತ್ತು.

ಆ ಮೇ ತಿಂಗಳಲ್ಲಿ ಬಿಜಾಪುರ ಕಡೆಯ ಇಬ್ಬರು ಅಣ್ಣತಮ್ಮಂದಿರು ಮನೆಮಂದಿಯೊಂದಿಗೆ ಬಂದರು. ಅಣ್ಣ ಮಲ್ಲಪ್ಪನವರು ಹದಿಹರೆಯದಲ್ಲಿ ಮುಂಬಯಿಗೆ ಬಂದು, ಆಂಟಾಪ್ ಹಿಲ್ಲಿನ ಗುಡಿಸಲಿನಲ್ಲಿದ್ದುಕೊಂಡು ಇಟ್ಟಿಗೆ ಹೊತ್ತವರು. ಅದೇ ದುಡಿಮೆಯಲ್ಲಿ ತಮ್ಮ ಶಿವಾನಂದನನ್ನು ಓದಿಸಿದರು. ತಮ್ಮ ಬಿಲ್ಡಿಂಗ್ ಕಾಂಟ್ರಾಕ್ಟರನಾದ. ಅಣ್ಣ ಅದೇ ಕಂಪನಿಯಲ್ಲಿ ಮುಕಾದಮ, ಎಂದರೆ ಕೂಲಿಯಾಳುಗಳ ಮೇಸ್ತ್ರಿ. ಕೋಣೆಗಳನ್ನು ಬುಕ್ ಮಾಡಿದ್ದು ಶಿವಾನಂದ. ಟೆರಿಲೀನ್ ಅಂಗಿ, ಬಂಗಾರದ ಬಣ್ಣದ ಲೈಟರು, ಮಾತಿಗೊಮ್ಮೆ ‘ಕ್ಯಾ ಬಾತ್ ಹೈ’. ಮಲ್ಲಪ್ಪನವರದು ಧೋತರ, ತಲೆಗೆ ಪಟಗಾ, ಕಿವಿಯ ಮೇಲೆ ಒಂದು ಬೀಡಿ.

ಅವರು ಬಂದದ್ದು ಬರೀ ಹವೆ ಬದಲಾಯಿಸಲು ಅಲ್ಲ. ದಾದರಿನಲ್ಲಿ ಜವಳಿ ಅಂಗಡಿಯಿದ್ದ ಹುಬ್ಬಳ್ಳಿ ಕಡೆಯ ಗುರುಸಿದ್ದಪ್ಪನವರೂ ಹೆಂಡತಿಯೊಂದಿಗೆ ಅದೇ ದಿನ ಬಂದರು. ಯಾವುದೋ ಮದುವೆಯಲ್ಲಿ ಅವರ ಹೆಂಡತಿ ಮಲ್ಲಪ್ಪನವರ ಮಗಳು ಗಂಗಾಳನ್ನು ನೋಡಿ, ನಮ್ಮ ಮಗನಿಗೆ ಇದೇ ಹುಡುಗಿ ಎಂದು ಹಟ ಹಿಡಿದಿದ್ದರು. ಎರಡೂ ಮನೆಯವರು ನಾಲ್ಕು ದಿನ ಕೂಡಿ ಇದ್ದು, ಮಾತು ಮುಗಿಸಿ ಹೋಗುವುದೆಂದು ನಿಶ್ಚಯವಾಗಿತ್ತು. ಗಂಗಾ ತಾಯಿಯಿಲ್ಲದ ಹುಡುಗಿ, ಎಸ್ಸೆಸ್ಸಿ ಮುಗಿಸಿ ಮನೆಯಲ್ಲಿದ್ದಳು. ಮಲ್ಲಪ್ಪನವರು ಬಂದವರೇ ಕೌಂಟರಿನಲ್ಲಿ ನನಗೆ ಹೇಳಿದರು: “ಧಾರವಾಡದವ್ರೇನ್ರಿ? ಛಲೋ ಆತು. ನನ್ನ ಮಗಳ ಕಾರ್ಯ ಐತಿ. ಚಾ ಗೀ ಸ್ವಲ್ಪ ನೋಡಿ ಮಾಡಿಸ್ರಿ, ನಮ್ಮವರು ಅಂತ ಹೇಳತೀನಿ.”

ಮೊದಲ ಸಂಜೆ ಎಲ್ಲರಿಗೂ ಮುಂದಿನ ಸಾಲಿನಲ್ಲೇ ಕೋಣೆ. ಶಿವಾನಂದ ಗುರುಸಿದ್ದಪ್ಪನವರ ಜೊತೆ ವರಾಂಡದಲ್ಲಿ ಕೂತು ಸಿಗರೇಟು ಹಚ್ಚಿದ್ದ. ವರಾಂಡದ ತುದಿಯಲ್ಲಿ ಒಂದು ಗಾಳಿಮರ. ಅಲ್ಲಿಂದ ಕೆಮ್ಮು ಕೇಳಿತು. ಶಿವಾನಂದ ತಟ್ಟನೆ ಸಿಗರೇಟನ್ನು ಚಪ್ಪಲಿಯ ಕೆಳಗೆ ಹೊಸಕಿ, ಕೈಯಲ್ಲಿ ಹೊಗೆ ಓಡಿಸಿ ಎದ್ದು ನಿಂತ. ಮಲ್ಲಪ್ಪನವರು ಏನೂ ಗೊತ್ತಿಲ್ಲದವರಂತೆ ಬಂದು ಕೂತರು. ಗುರುಸಿದ್ದಪ್ಪನವರು ಮೆಚ್ಚಿಕೊಂಡು ತಲೆಯಾಡಿಸಿದರು. “ಮುಂಬೈಕ್ ಬಂದ್ರೂ ನಿಮ್ಮನ್ಯಾಗ ಹಿರೇತನ ಉಳದೈತಿ ನೋಡ್ರಿ. ಇಂಥಾ ಮನಿ ಹೆಣ್ಣ ಬೇಕು ನಮಗ” ಎಂದರು. ಮಲ್ಲಪ್ಪನವರು ಸುಮ್ಮನೆ ಮೀಸೆ ಸವರಿಕೊಂಡರು. ಶಿವಾನಂದ ನಕ್ಕ. ಆ ಮಾತು ಅವನ ತಲೆಯೊಳಗೆ ಹೋಗಿ ಏನು ಮಾಡಿತೆಂದು ಮರುದಿನ ಗೊತ್ತಾಯಿತು. ಅವನಿಗೂ ಒಬ್ಬ ಮಗಳಿದ್ದಳು, ಶೋಭಾ, ಜೊತೆಗೇ ಬಂದಿದ್ದಳು. ಅವಳಿಗೂ ವರ ಹುಡುಕುತ್ತಿದ್ದರು.

ಮರುದಿನ ಬೆಳಿಗ್ಗೆ ಶಿವಾನಂದ ಆಫೀಸಿಗೆ ಬಂದ. “ಅಣ್ಣನ ಖೋಲಿ ಬದಲ್ ಮಾಡ್ರಿ. ಹಿಂದಿನ ಲೈನ್‌ನ್ಯಾಗ ಒಂದು ಕೊಡ್ರಿ, ಅವನಿಗೆ ಗದ್ದಲ ಆಗಿಬರಂಗಿಲ್ಲ” ಎಂದ. ಮದುವೆ ಮಾತಿಗೆ ಬಂದ ಹುಡುಗಿಯ ತಂದೆಯನ್ನು ಭಟ್ಟಿಯ ಪಕ್ಕಕ್ಕೆ ಹಾಕುವುದು ನನಗೆ ಸರಿಕಾಣಲಿಲ್ಲ. ಅವರೇ ಬಂದು ಹೇಳಲಿ, ಕೊಡುತ್ತೇನೆ ಎಂದೆ. ಶಿವಾನಂದ ಬೇಸರ ಮಾಡಿಕೊಳ್ಳಲಿಲ್ಲ. ಹೋಗಿ ಅಣ್ಣನನ್ನೇ ಕಳಿಸಿದ.

ಮಲ್ಲಪ್ಪನವರು ನಗುನಗುತ್ತಲೇ ಬಂದರು. “ಹೌದ್ರಿ, ಹಿಂದಿನ ಖೋಲಿನ ಕೊಡ್ರಿ ನನಗ” ಎಂದರು. ಅಲ್ಲಿ ಹೊಗೆ ಬರುತ್ತದೆ ಎಂದು ಎಚ್ಚರಿಸಿದೆ. ಅವರು ಕೌಂಟರಿನ ಮೇಲೆ ಬಾಗಿ ದನಿ ತಗ್ಗಿಸಿದರು. “ತಮ್ಮ ದೊಡ್ಡ ಮಂದಿ ಕೂಡ ಕೂಡತಾನ. ನಾ ಬಾಜೂ ಖೋಲ್ಯಾಗ ಇದ್ರ ಅವನಿಗೆ ಒಂದ್ ಸಿಗರೇಟ್ ಸೇದಾಕ ಆಗಂಗಿಲ್ಲ. ಘಳಿಗಿಗೊಮ್ಮಿ ಆರಸೂದು, ಎದ್ದು ನಿಂದರೂದು. ಪಾಪ, ಅವ ಬಾಯಿ ಬಿಟ್ಟು ಹೇಳಂಗಿಲ್ಲ. ನಾನ ತಿಳಕೋಬೇಕಲ್ರಿ?” ಸಿಮೆಂಟಿನ ನಡುವೆ ಬದುಕಿದವನಿಗೆ ಹೊಗೆ ಏನು ಮಾಡುತ್ತದೆ ಎಂದೂ ಸೇರಿಸಿದರು. ನಾನು ಕೀಲಿ ಕೊಟ್ಟೆ. ಅವರ ಟ್ರಂಕನ್ನು ಅವರೇ ಹೊತ್ತುಕೊಂಡು ಹೋದರು. ಗಂಗಾ ಕಾಕಿಯ, ಎಂದರೆ ಶಿವಾನಂದನ ಹೆಂಡತಿಯ ಜೊತೆ ಮುಂದಿನ ಕೋಣೆಯಲ್ಲೇ ಉಳಿದಳು.

ಅಷ್ಟಾದ ಮೇಲೆ ಅಡುಗೆಯವನು ಊಟವನ್ನೂ ಹಿಂದಿನ ಕೋಣೆಗೇ ಒಯ್ಯತೊಡಗಿದ. ಶಿವಾನಂದ ಹಾಗೆ ಹೇಳಿದ್ದನಂತೆ. ಊಟದ ಹಾಲಿನಲ್ಲಿ ಗುರುಸಿದ್ದಪ್ಪನವರ ಎದುರಿನ ಕುರ್ಚಿಯಲ್ಲಿ ಈಗ ಶೋಭಾ ಕೂರುತ್ತಿದ್ದಳು. ಮಲ್ಲಪ್ಪನವರು ಎಲ್ಲಿ ಎಂದು ಗುರುಸಿದ್ದಪ್ಪನವರು ಕೇಳಿದ್ದನ್ನು ನಾನೇ ಕೇಳಿಸಿಕೊಂಡೆ. “ಅವಗ ಮಂದ್ಯಾಗ ಉಣ್ಣಾಕ ಬರಂಗಿಲ್ರಿ. ಆಳುಗಳ ಕೂಡ ಇದ್ದು ರೂಢಿ” ಎಂದು ಶಿವಾನಂದ ಅನ್ನ ಕಲೆಸುತ್ತಾ ಹೇಳಿದ. ಗಂಗಾ ತಟ್ಟೆ ನೋಡುತ್ತಾ ಕೂತಿದ್ದಳು. ನನಗೆ ಆಗಲೇ ಮೈ ಉರಿಯಿತು. ಆದರೆ ಗಿರಾಕಿಯ ಮನೆಯ ಮಾತಿಗೆ ಮ್ಯಾನೇಜರ್ ಬಾಯಿ ಹಾಕುವಂತಿಲ್ಲ, ನೀರಿನ ಜಗ್ಗು ತುಂಬಿಸಬಹುದು ಅಷ್ಟೇ. ತುಂಬಿಸಿದೆ.

ಭಾನುವಾರ ಮಧ್ಯಾಹ್ನ ಚಹಾಕ್ಕೆ ಮಾತುಕತೆ ಎಂದು ಗೊತ್ತಾಗಿತ್ತು. ವರಾಂಡದಲ್ಲಿ ಗುರುಸಿದ್ದಪ್ಪ, ಅವರ ಹೆಂಡತಿ, ಶಿವಾನಂದ. ಗಂಗಾ ಬಾಗಿಲ ಒಳಗೆ ನಿಂತಿದ್ದಳು. ನಾನು ಕಪ್ಪುಗಳನ್ನು ಇಡಿಸುತ್ತಿದ್ದೆ. ಆ್ಯಶ್‌ಟ್ರೇ ತಂದಿಟ್ಟವನೂ ನಾನೇ. ಶಿವಾನಂದ ಲೈಟರು ತೆಗೆದು ಸಿಗರೇಟು ಹಚ್ಚಿದ.

ಗಾಳಿಮರದ ಹತ್ತಿರ ಕೆಮ್ಮು ಕೇಳಿತು. ಮಲ್ಲಪ್ಪನವರು ಗಂಜಿ ಹಾಕಿದ ಧೋತರ ಉಟ್ಟು, ಹೊಸ ಪಟಗಾ ಸುತ್ತಿ ನಿಂತಿದ್ದರು. ಪದ್ಧತಿಯಂತೆ ಬೇರೆ ಕಡೆ ಮುಖ ಮಾಡಿಕೊಂಡಿದ್ದರು. ಶಿವಾನಂದ ಅಲುಗಲಿಲ್ಲ. ಕಾಲ ಮೇಲೆ ಕಾಲು ಹಾಕಿಕೊಂಡು ಇನ್ನೊಂದು ದಮ್ಮು ಎಳೆದ.

ತಮ್ಮನಿಗೆ ಕೇಳಿಸಲಿಲ್ಲ ಎಂದುಕೊಂಡರು ಪಾಪ. ಇನ್ನೊಮ್ಮೆ ಕೆಮ್ಮಿದರು, ಜೋರಾಗಿ. ನಿಂತು ಕಾದರು. ವರಾಂಡದಲ್ಲಿದ್ದ ಎಲ್ಲರಿಗೂ ಆ ಕೆಮ್ಮಿನ ಅರ್ಥ ಗೊತ್ತಿತ್ತು. ಗುರುಸಿದ್ದಪ್ಪನವರ ಕೈಯ ಚಹಾ ತುಟಿಯ ಹತ್ತಿರವೇ ನಿಂತಿತು.

ಶಿವಾನಂದ ಅಣ್ಣನ ಕಡೆ ತಿರುಗಿ, ಬಾಯ್ತುಂಬ ಹೊಗೆ ಬಿಟ್ಟ. “ಕೆಮ್ಮು ಭಾಳ ಆಗೈತಲ್ಲೋ ನಿನಗ. ಖೋಲ್ಯಾಗ ಮಲಗಬಾರದಾ? ಇಲ್ಲೇನ್ ಬೇಕಾಗಿತ್ತು?” ಎಂದ.

ನಾನು ಎಷ್ಟೋ ಜಗಳ ನೋಡಿದ್ದೇನೆ. ಕುರ್ಚಿ ಎತ್ತಿ ಹೊಡೆದದ್ದನ್ನೂ ನೋಡಿದ್ದೇನೆ. ಅವ್ಯಾವುದೂ ಇದರಷ್ಟು ನೀಚವಾಗಿ ಕಾಣಲಿಲ್ಲ. ಒಂದು ಬೈಗುಳವಿಲ್ಲ, ಕೈ ಎತ್ತಲಿಲ್ಲ. ಹಲಗೆಯ ಮೇಲಿದ್ದ ಯಾವ ನಿಯಮವನ್ನೂ ಆತ ಮುರಿಯಲಿಲ್ಲ. ವರಾಂಡದಲ್ಲಿ ಸೇದಬಹುದು ಎಂದು ನಾವೇ ಬರೆಸಿದ್ದೆವು. ಈ ಮನೆಯಲ್ಲಿ ಈ ಮುದುಕನ ಮಾತಿಗೆ ಬೆಲೆಯಿಲ್ಲ, ಇವನ ಮಗಳನ್ನು ತಂದುಕೊಂಡರೆ ನಿಮಗೆ ಸಿಗುವುದು ಒಬ್ಬ ಮುಕಾದಮ ಮಾತ್ರ ಎಂದು ಬೀಗರಾಗಬೇಕಾದವರಿಗೆ ಒಂದು ಸಿಗರೇಟಿನಲ್ಲಿ ಹೇಳಿ ಮುಗಿಸಿದ.

ಮಲ್ಲಪ್ಪನವರು ಮೆಟ್ಟಿಲು ಹತ್ತಿ ಬಂದರು. ಗಂಗಾ ಒಳಗಿನಿಂದ “ಅಪ್ಪಾ, ಬ್ಯಾಡ” ಎಂದಳು. ಏನು ಬೇಡ ಎಂದು ಅವಳಿಗಾದರೂ ಗೊತ್ತಿತ್ತೋ ಇಲ್ಲವೋ. ಅವರು ಕಿವಿಯ ಮೇಲಿನ ಬೀಡಿ ತೆಗೆದು ತುಟಿಗಿಟ್ಟುಕೊಂಡರು. ತಮ್ಮನ ಎದುರು ಸೊಂಟ ಬಾಗಿಸಿ, ಸೈಟಿನ ಕೂಲಿಯವನು ದಾರಿಹೋಕ ದೊಡ್ಡವರನ್ನು ಕೇಳುವ ದನಿಯಲ್ಲಿ ಕೇಳಿದರು: “ಸಾವಕಾರ್ರ, ಸ್ವಲ್ಪ ಬೆಂಕಿ ಕೊಡ್ರಿ.”

ಎತ್ತಿ ಆಡಿಸಿದ ತಮ್ಮನಿಗೆ ‘ರಿ’ ಎಂದರು. ಶಿವಾನಂದ ಹಿಂಜರಿದರೆ ಅಲ್ಲಿಗೆ ಅವನು ಸೋತಂತೆ. ಅವನು ಹಿಂಜರಿಯಲಿಲ್ಲ. ಉರಿಯುವ ಸಿಗರೇಟನ್ನು ಮುಂದೆ ಹಿಡಿದ. ಮಲ್ಲಪ್ಪನವರು ಅದರ ತುದಿಗೆ ಬೀಡಿ ತಾಗಿಸಿ ಹಚ್ಚಿಕೊಂಡರು. “ದೇವರು ನಿಮಗ ಛಲೋ ಮಾಡ್ಲಿ” ಎಂದು ಹೇಳಿ, ಬಂದ ದಾರಿಯಲ್ಲೇ ಅಡುಗೆಮನೆಯ ಕಡೆ ಹೋದರು.

ಗುರುಸಿದ್ದಪ್ಪನವರು ಕೆಟ್ಟವರಲ್ಲ, ಆದರೆ ವ್ಯಾಪಾರಿ. ಕಪ್ಪು ಕೆಳಗಿಟ್ಟು, “ಹಂಗಾದ್ರ ಇನ್ನ ಮಾತು ನಿಮ್ಮ ಕೂಡನ ಆಡೂದ್ರಿ” ಎಂದರು. ಶಿವಾನಂದ ಒಳಗೆ ನೋಡಿ, “ಶೋಭಾ, ಬಿಸ್ಕೀಟ್ ತಗೊಂಡ್ ಬಾ ಬೇಟಾ” ಎಂದು ಕರೆದ. ಬಾಗಿಲಲ್ಲಿ ನಿಂತಿದ್ದ ಗಂಗಾ ಪಕ್ಕಕ್ಕೆ ಸರಿದು ತಂಗಿಗೆ ದಾರಿ ಬಿಟ್ಟಳು. ಗುರುಸಿದ್ದಪ್ಪನವರ ಹೆಂಡತಿ ಮಾತ್ರ ತಲೆ ಎತ್ತಲಿಲ್ಲ. ಬಿಸ್ಕೀಟನ್ನೂ ಮುಟ್ಟಲಿಲ್ಲ.

ಮರುದಿನ ಬೆಳಿಗ್ಗೆ ತಂದೆ ಮಗಳಿಬ್ಬರೇ ಮಲಾಡ್ ಸ್ಟೇಷನ್ನಿನ ಬಸ್ಸಿಗೆ ಹೊರಟರು. ಹಿಂದಿನ ಕೋಣೆಯ ಕೀಲಿ ಕೊಡಲು ಬಂದವಳು ಗಂಗಾ. ಮುಖ ತೊಳೆದು ತಲೆ ಬಾಚಿಕೊಂಡಿದ್ದಳು, ಕಣ್ಣುಗಳು ಮಾತ್ರ ಕೆಂಪಾಗಿದ್ದವು. “ಅಪ್ಪಗ ಆ ಖೋಲಿ ಯಾಕ ಕೊಟ್ರಿ?” ಎಂದು ಕೇಳಿದಳು. ಅವರೇ ಬಂದು ಕೇಳಿದರಮ್ಮ, ನಾನು ಬೇಡವೆಂದೆ ಎಂದು ಉತ್ತರಿಸಿದೆ.

“ಅಪ್ಪ ಕೇಳಲಿಲ್ರಿ” ಎಂದಳು. “ಕಾಕಾ ಕೇಳಿಸಿದ.”

ನಾನು ಅವಳ ಹಿಂದೆಯೇ ಗೇಟಿನವರೆಗೆ ಹೋದೆ. ಬಸ್ಸು ಇನ್ನೂ ಬಂದಿರಲಿಲ್ಲ. ಸ್ವಲ್ಪ ದೂರದಲ್ಲಿ ನಿಂತು ಸಿಗರೇಟು ಹಚ್ಚಿದೆ. ಮಲ್ಲಪ್ಪನವರು ಟ್ರಂಕಿನ ಮೇಲೆ ಕೂತಿದ್ದವರು ಎದ್ದು ನನ್ನ ಕಡೆ ಬಂದರು. ಕೆಮ್ಮಲಿಲ್ಲ. ಅವರನ್ನು ಕಂಡೊಡನೆ ನನ್ನ ಕೈ ತಾನಾಗಿಯೇ ಬೆನ್ನಿನ ಹಿಂದೆ ಹೋಯಿತು.

“ಸೇದ್ರಿ, ಮ್ಯಾನೇಜರ್ರ” ಎಂದರು ಅವರು. “ನನ್ನ ಮುಂದ ಇನ್ನ ಯಾರೂ ಮುಚ್ಚಿಡೂದು ಬ್ಯಾಡ.”

ಬಸ್ಸು ಬಂತು, ಹೋದರು. ಆಮೇಲೆ ಅವರನ್ನು ನಾನು ನೋಡಲಿಲ್ಲ. ಗಂಗಾಳಿಗೆ ಏನಾಯಿತೆಂದೂ ಗೊತ್ತಿಲ್ಲ. ಮುಂದಿನ ಬೇಸಿಗೆಗೆ ಶಿವಾನಂದ ಮಗಳು ಶೋಭಾ, ಅಳಿಯ, ಬೀಗ ಗುರುಸಿದ್ದಪ್ಪನವರೊಂದಿಗೆ ಬಂದ. ಮುಂದಿನ ಸಾಲಿನ ಕೋಣೆಗಳನ್ನೇ ಕೇಳಿದ. “ಹಿಂದಿಂದು ಬ್ಯಾಡ ಈ ಸಲ, ಅಣ್ಣ ಬಂದಿಲ್ಲ” ಎಂದು ಬಹಳ ಸಹಜವಾಗಿ ಹೇಳಿದ. ನಾನು ಕೀಲಿ ಕೊಟ್ಟು, ‘ವೆಲ್‌ಕಮ್ ಸರ್’ ಎಂದೆ. ಹೊಟ್ಟೆಪಾಡಿನ ಕೆಲಸದಲ್ಲಿ ಅದನ್ನೂ ಹೇಳಬೇಕಾಗುತ್ತದೆ.

ಆ ಕೆಲಸ ನನಗೆ ಕಲಿಸಿದ್ದು ಇಷ್ಟು. ಒಬ್ಬರಿಗಾಗಿ ಇನ್ನೊಬ್ಬರು ಕೋಣೆ ಕೇಳಿದರೆ, ಅವರನ್ನೇ ಕರೆದು ‘ನಿಮಗೆ ಯಾವ ಕೋಣೆ ಬೇಕು’ ಎಂದು ವಿಚಾರಿಸಿದರೂ ಸಾಲದು. ತಮ್ಮನ್ನು ಮೂಲೆಗೆ ಸರಿಸುವವರ ಅನುಕೂಲವನ್ನು ತಮ್ಮದೇ ಆಸೆ ಎಂದು ಹೇಳುವಷ್ಟು ಪ್ರೀತಿ ಇರುವ ಜನ ಈ ಲೋಕದಲ್ಲಿ ಬಹಳ ಇದ್ದಾರೆ. ಅವರು ಎದ್ದುಹೋದ ಮೇಲೆ ಖಾಲಿಯಾಗುವ ಕುರ್ಚಿಯಲ್ಲಿ ಯಾರು ಕೂರುತ್ತಾರೆ ಎಂದು ನೋಡಬೇಕು. ಆಮೇಲಿನ ವರ್ಷಗಳಲ್ಲಿ ನಾನು ಅದನ್ನೇ ನೋಡಿದೆ, ಎಷ್ಟೋ ಸಲ ಸುಳ್ಳು ಹೇಳಿ ‘ಹಿಂದಿನ ಸಾಲು ಫುಲ್’ ಎಂದೆ.

ಸಿಗರೇಟು ಬಿಟ್ಟು ಎಷ್ಟೋ ಕಾಲವಾಯಿತು. ಆದರೂ ಯಾವುದಾದರೂ ಬಿಲ್ಡಿಂಗಿನ ಮೆಟ್ಟಿಲಿನಲ್ಲಿ, ಲೋಕಲ್ಲಿನ ಗದ್ದಲದಲ್ಲಿ, ನನ್ನ ಬೆನ್ನ ಹಿಂದೆ ವಯಸ್ಸಾದವರೊಬ್ಬರು ಕೆಮ್ಮಿದರೆ, ಏನೂ ಇಲ್ಲದ ಈ ಕೈ ಈಗಲೂ ಬೆನ್ನಿನ ಹಿಂದೆ ಹೋಗುತ್ತದೆ.